ಬೇಲಿಯ ಹೂವು, ಹೊಲದ ಕಾಯಿ

ಯುಗಾದಿಯ ಹೊತ್ತಿಗೆ ಹೊಲಕ್ಕೆ ಹೋಗುವ ಗಾಡಿದಾರಿಯನ್ನು ನೀವು ನಿಂತು ನೋಡಿದ್ದೀರಾ? ಹೊಲವೆಲ್ಲ ಬಣಗುಡುತ್ತಿರುತ್ತದೆ. ಕೆರೆಯ ನೀರು ಅಂಗಳಕ್ಕೆ ಇಳಿದಿರುತ್ತದೆ. ಆದರೆ ದಾರಿಯ ಎರಡು ಬದಿಯ ಬೇಲಿಯಲ್ಲಿ ಮಾತ್ರ ಹೂವೋ ಹೂವು! ಮುತ್ತುಗ ಎಲೆಯನ್ನೆಲ್ಲಾ ಉದುರಿಸಿ ಕೆಂಡದ ಹಾಗೆ ನಿಂತಿರುತ್ತದೆ. ತಂಗಡಿ ಹಳದಿ ಚೆಲ್ಲಿರುತ್ತದೆ. ಬೇವಿನ ಹೂವಿನ ವಾಸನೆ ಗಾಳಿಯಲ್ಲಿ ಬರುತ್ತಿರುತ್ತದೆ. ಯಾರೂ ಬಿತ್ತಿದ್ದಲ್ಲ, ಯಾರೂ ನೀರು ಹಾಯಿಸಿದ್ದಲ್ಲ.

“ಇದೇನಪ್ಪಾ, ಬೆಳೆಯ ವಿಚಾರ ಹೇಳಬೇಕಾದವರು ಹೂವಿನ ವಿಚಾರ ಹಿಡಿದರಲ್ಲ” ಎಂದು ನೀವು ಕೇಳಬಹುದು. ಬೆಳೆಯ ವಿಚಾರವೇ ಹೇಳುತ್ತಿದ್ದೇನೆ. ಈ ಬೇಲಿಯ ಹೂವಿಗೂ ನಿಮ್ಮ ಹೊಲದ ಸೌತೆ, ಕುಂಬಳ, ಬದನೆಗಳಿಗೂ ಒಂದು ನಂಟು ಉಂಟು. ಆ ನಂಟು ನನಗೆ ತಿಳಿದದ್ದು ನನ್ನದೇ ಒಂದು ತಪ್ಪಿನಿಂದ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಕೃಷಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಬಯಲುಸೀಮೆಯ ಒಂದು ಹಳ್ಳಿ. “ಬೇಲಿಯಲ್ಲಿ ಇಲಿ ಸೇರುತ್ತದೆ, ಹುಳು ಸೇರುತ್ತದೆ, ಎಲ್ಲಾ ಕಡಿದು ಬೆಂಕಿ ಹಾಕಿ, ದಾರಿ ಚೊಕ್ಕಟವಾಗಲಿ” ಎಂದು ಊರವರಿಗೆ ಹುರುಪಿನಿಂದ ಹೇಳಿದೆ. ಅವರೂ ನಂಬಿ, ಶಿವರಾತ್ರಿ ಕಳೆದ ವಾರದಲ್ಲಿ ಅರ್ಧ ಮೈಲಿ ಬೇಲಿಯನ್ನು ಕಡಿದು ಸುಟ್ಟರು. ದಾರಿ ಚೊಕ್ಕಟವೇನೋ ಆಯಿತು. ಆ ದಾರಿಯ ಪಕ್ಕದಲ್ಲೇ ಒಬ್ಬ ಗೌಡರು ಬಾವಿಯ ನೀರಿನಲ್ಲಿ ಅರ್ಧ ಎಕರೆ ಬೇಸಗೆ ಸೌತೆ ಹಾಕಿದ್ದರು. ಮಗಳ ಮದುವೆಯ ಸಾಲ ತೀರಿಸುವುದಕ್ಕೆ ಆ ಸೌತೆಯನ್ನೇ ನಂಬಿದ್ದರು.

ಬಳ್ಳಿ ಚೆನ್ನಾಗಿ ಹಬ್ಬಿತು. ಹೂವು ಬಂತು. ಆದರೆ ಈಚುಗಾಯಿ ಹಳದಿಯಾಗಿ ಉದುರುವುದಕ್ಕೆ ತೊಡಗಿತು. ಉಳಿದವೂ ಒಂದು ತುದಿ ದಪ್ಪ, ಒಂದು ತುದಿ ಸಣ್ಣ, ಕುಡುಗೋಲಿನ ಹಾಗೆ ಡೊಂಕು. ಗೌಡರು ಟವಲಿನಲ್ಲಿ ಕಟ್ಟಿ ತಂದು ನನ್ನ ಮುಂದೆ ಸುರಿದರು. “ಏನ್ ಸ್ವಾಮಿ ಇದು?” ಅಂದರು. ನಾನು ನೀರು ಕಡಮೆಯಾಗಿದೆ ಎಂದೆ. ನೀರು ಕೊಟ್ಟರು. ಗೊಬ್ಬರ ಸಾಲದು ಎಂದೆ. ಗೊಬ್ಬರವನ್ನೂ ತಂದು ಹಾಕಿದರು. ಕಾಯಿ ಉದುರುವುದು ನಿಲ್ಲಲಿಲ್ಲ.

ಕೊನೆಗೆ ಅವರ ತಾಯಿ, ವಯಸ್ಸಾದ ಅಜ್ಜಿ, ಬದುವಿನ ಮೇಲೆ ಕುಳಿತುಕೊಂಡೇ ಒಂದು ಮಾತು ಹೇಳಿದರು: “ಅಲ್ಲಾ ಮಗಾ, ಹೊತ್ತಾರೆಯಿಂದ ನೋಡ್ತಾ ಇವ್ನಿ, ಹೂವಿನ ಮ್ಯಾಲೆ ಒಂದು ನೊಣಾನೂ ಕೂತಿಲ್ಲ. ನೊಣ ಕೂರ್ದೆ ಕಾಯಿ ಎಲ್ಲಿಂದ ಕಚ್ಚಾತು?” ನನಗೆ ನಾಚಿಕೆಯಾಯಿತು. ಓದಿದ ಪಾಠವೇ ಅದು; ಹೊಲದಲ್ಲಿ ನಿಂತಾಗ ನೆನಪಾಗಿರಲಿಲ್ಲ.

ಆ ಪಾಠ ಹೀಗಿದೆ. ಸೌತೆ, ಕುಂಬಳ, ಕಲ್ಲಂಗಡಿ ಮೊದಲಾದ ಬಳ್ಳಿಗಳಲ್ಲಿ ಸಾಮಾನ್ಯವಾಗಿ ಗಂಡುಹೂವು ಬೇರೆ, ಹೆಣ್ಣುಹೂವು ಬೇರೆ. ಗುರುತಿಸುವುದು ಸುಲಭ. ಹೂವಿನ ಹಿಂದೆ ಕಿರುಗಾಯಿ ಇದ್ದರೆ ಹೆಣ್ಣು. ಬರೀ ತೆಳ್ಳಗಿನ ತೊಟ್ಟು ಇದ್ದರೆ ಗಂಡು. ಗಂಡುಹೂವಿನ ಪರಾಗ, ಅಂದರೆ ಹಳದಿ ಪುಡಿ, ಹೆಣ್ಣುಹೂವಿನ ನಡುವಿನ ಮೊಗ್ಗೆಗೆ ತಾಗಿದರೆ ಮಾತ್ರ ಆ ಕಿರುಗಾಯಿ ಬೆಳೆಯುತ್ತದೆ, ತಾಗದಿದ್ದರೆ ಉದುರುತ್ತದೆ. ಅರೆಬರೆ ತಾಗಿದರೆ ಕಾಯಿ ಡೊಂಕಾಗುತ್ತದೆ. ಈ ಪುಡಿ ಅಂಟು ಅಂಟಾಗಿರುವುದರಿಂದ ಗಾಳಿಗೆ ಹಾರುವುದಿಲ್ಲ. ಹೊತ್ತು ತರುವುದಕ್ಕೆ ಜೇನ್ನೊಣವೋ ದುಂಬಿಯೋ ಬೇಕೇ ಬೇಕು.

ಜೇನ್ನೊಣಕ್ಕೆ ನಿಮ್ಮ ಸೌತೆ ಹೂವು ಬಿಡುವ ನಾಲ್ಕಾರು ವಾರ ಮಾತ್ರ ಹಸಿವು ಎಂದುಕೊಂಡಿರೋ? ಅದಕ್ಕೆ ವರ್ಷವಿಡೀ ಹೊಟ್ಟೆಗೆ ಬೇಕು. ಹುಚ್ಚೆಳ್ಳು, ಅವರೆ, ತೊಗರಿ ಇದ್ದಾಗ ಹೊಲದಲ್ಲೇ ಊಟ. ಸುಗ್ಗಿ ಮುಗಿದ ಮೇಲೆ ಮುಂಗಾರು ಹತ್ತುವ ತನಕ ಹೊಲದಲ್ಲಿ ಏನಿದೆ? ಆ ಮೂರು ನಾಲ್ಕು ತಿಂಗಳು ಅದಕ್ಕೆ ಅನ್ನ ಹಾಕುವುದು ಮರಗಳು ಮತ್ತು ಈ ಗಾಡಿದಾರಿಯ ಬೇಲಿ. ಅದನ್ನು ಸುಟ್ಟರೆ ಹೆಜ್ಜೇನು ಬೇರೆ ಸೀಮೆಗೆ ಎದ್ದುಹೋದೀತು. ಆದರೆ ಸಣ್ಣ ಕಾಡುನೊಣಗಳು ಗೂಡಿನಿಂದ ಹೆಚ್ಚು ದೂರ ಹಾರಲಾರವು. ಅವುಗಳಲ್ಲಿ ಕೆಲವು ಬೇಲಿಯ ಒಣಗಿದ ಕಡ್ಡಿಯೊಳಗೇ ಮೊಟ್ಟೆ ಇಡುತ್ತವೆ. ಬೆಂಕಿ ಬಿದ್ದರೆ ಊಟವೂ ಹೋಯಿತು, ಮನೆಯೂ ಹೋಯಿತು.

ಈಗ ಬೇಲಿಯ ಹೂವುಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಅರಳುವುದು ಮುತ್ತುಗ. ಇದರ ಎಲೆಯಲ್ಲಿ ಉಂಡವರು ನಾವೆಲ್ಲಾ. ಮಾಘ, ಫಾಲ್ಗುಣದಲ್ಲಿ ಎಲೆಯಿಲ್ಲದ ಕೊಂಬೆ ತುಂಬ ಹೂವು. ಇದಕ್ಕೆ ವಾಸನೆಯಿಲ್ಲ, ಆದರೆ ರಸ ಹೇರಳ. ಗೊರವಂಕ, ಸೂರಕ್ಕಿ ಮೊದಲಾದ ಹಕ್ಕಿಗಳು ಬಂದು ಕುಡಿಯುತ್ತವೆ. ಹೂವಿಗೆಂದು ಬಂದ ಗೊರವಂಕ ಪಕ್ಕದ ಹೊಲಕ್ಕಿಳಿದು ಹುಳುವನ್ನೂ ಹೆಕ್ಕುತ್ತದೆ. ಅದಕ್ಕೆ ಕೂಲಿ ಕೇಳುವುದಿಲ್ಲ.

ಚೈತ್ರದಲ್ಲಿ ಬೇವು ಹೂವು ಬಿಡುತ್ತದೆ. ಬೇವುಬೆಲ್ಲದ ತಟ್ಟೆಗೆ ಹಿಡಿಯಷ್ಟು ತಂದಿರಿ, ಮಿಕ್ಕದ್ದು ಜೇನಿಗೆ. ಅದರ ಹಿಂದೆಯೇ ಹೊಂಗೆ ಚಿಗುರಿ, ಬಿಳಿ ಮತ್ತು ನಸುನೇರಳೆ ಬಣ್ಣದ ಹೂವು ಹೊರುತ್ತದೆ. ಹೂಬಿಟ್ಟ ಹೊಂಗೆಯ ಕೆಳಗೆ ನಿಂತು ಕಿವಿಗೊಡಿ, ಮರವೇ ಗುಂಯ್‌ಗುಡುತ್ತಿರುತ್ತದೆ. ಉದುರಿದ ಹೂವನ್ನು ಗುಡಿಸಿ ತಿಪ್ಪೆಗೆ ಹಾಕಿ, ಒಳ್ಳೆಯ ಗೊಬ್ಬರ. ಸೊಪ್ಪು ಗದ್ದೆಗೆ, ಬೀಜ ಎಣ್ಣೆಗೆ, ಹಿಂಡಿ ಮತ್ತೆ ಹೊಲಕ್ಕೆ. ಆದರೆ ಸೊಪ್ಪು ಕಡಿಯುವವರು ಹೂವು ಮುಗಿಯುವ ತನಕ ತಾಳತಕ್ಕದ್ದು.

ಇದೇ ಕಾಲಕ್ಕೆ ಕವಳೆಯ ಮುಳ್ಳುಪೊದೆಯಲ್ಲಿ ಮಲ್ಲಿಗೆಯಂಥ ಬಿಳಿಹೂವು. ಅದರ ಕಾಯಿಯ ಉಪ್ಪಿನಕಾಯಿ ನಮ್ಮ ಸೋದರಿಯರಿಗೆ ಗೊತ್ತೇ ಇದೆ. ವೈಶಾಖದಲ್ಲಿ ಕಕ್ಕೆಯ ಬಂಗಾರದ ಗೊಂಚಲು.

ಇನ್ನು ತಂಗಡಿ, ಕೆಲವರು ಆವರಿಕೆ ಎನ್ನುತ್ತಾರೆ. ದನ ಮೇಯುವುದಿಲ್ಲ, ಬರಕ್ಕೂ ಬಾಡುವುದಿಲ್ಲ. ಇದರ ಚಕ್ಕೆಯಿಂದ ಚರ್ಮ ಹದ ಮಾಡುತ್ತಿದ್ದರು. ಈ ಹೂವಿನಲ್ಲಿ ಜೇನಿಲ್ಲ, ಬರೀ ಪರಾಗವಿದೆ. ಆ ಪರಾಗವೂ ತುದಿಯಲ್ಲಿ ಸಣ್ಣ ತೂತಿರುವ ಚೀಲದೊಳಗೆ ಇರುತ್ತದೆ. ಹಟ್ಟಿಯ ತೊಲೆಯನ್ನು ಕೊರೆಯುತ್ತದೆಂದು ನಾವು ಬೈಯುವ ದೊಡ್ಡ ಕರೀ ದುಂಬಿ ಇದೆಯಲ್ಲ, ಅದು ಹೂವನ್ನು ತಬ್ಬಿ ಹಿಡಿದು ಗುಂಯ್ ಎಂದು ಮೈ ನಡುಗಿಸುತ್ತದೆ. ಆಗ ಉಪ್ಪಿನ ಡಬ್ಬಿಯಿಂದ ಉದುರಿದ ಹಾಗೆ ಪುಡಿ ಉದುರುತ್ತದೆ. ಗಮನಿಸಿ, ಬದನೆ ಮತ್ತು ಟೊಮೇಟೊ ಹೂವಿನ ಕಟ್ಟಡವೂ ಹೀಗೆಯೇ. ನಮ್ಮ ತುಡುವೆ ಜೇನಿಗೆ ಈ ನಡುಕದ ವಿದ್ಯೆ ಬಾರದು; ದುಂಬಿಗೂ ಕೆಲವು ಕಾಡುನೊಣಗಳಿಗೂ ಬರುತ್ತದೆ. ಬೇಲಿಯಲ್ಲಿ ತಂಗಡಿ ಇದ್ದರೆ ಬದನೆ ಇಲ್ಲದ ದಿನಗಳಲ್ಲೂ ದುಂಬಿ ಅಲ್ಲೇ ಉಳಿಯುತ್ತದೆ.

ಎಕ್ಕವೂ ಹಾಗೆಯೇ, ವರ್ಷದ ಬಹುಕಾಲ ಹೂವಿರುತ್ತದೆ. ಇದಕ್ಕೂ ದುಂಬಿಯೇ ನೆಂಟ. ಆದರೆ ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಮಕ್ಕಳಿಗೆ ಎಚ್ಚರ ಹೇಳಿರಿ.

ಹಾಗಾದರೆ ಬೇಲಿಯಲ್ಲಿ ಹೂವು ಬಿಟ್ಟದ್ದೆಲ್ಲಾ ಒಳ್ಳೆಯದೋ? ಖಂಡಿತ ಅಲ್ಲ.

ಕಾಂಗ್ರೆಸ್ ಗಿಡ ಎಂದು ನಾವು ಕರೆಯುವ ಪಾರ್ಥೇನಿಯಂ ಹೊರನಾಡಿನ ಕಳೆ. 1950ರ ದಶಕದಲ್ಲಿ ಪುಣೆಯ ಕಡೆ ಕಣ್ಣಿಗೆ ಬಿದ್ದದ್ದು ಈಗ ಎಲ್ಲೆಲ್ಲೂ ಇದೆ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಮೈತುರಿಕೆ, ಉಬ್ಬಸ ಇದರ ಕಾಣಿಕೆ. ಹೂವು ಬಿಡುವ ಮೊದಲೇ, ಮಣ್ಣು ಹಸಿಯಿರುವಾಗ, ಕೈಗೆ ಚೀಲ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೇರುಸಮೇತ ಕೀಳಿ. ಕಿತ್ತ ಜಾಗದಲ್ಲಿ ಮುಂಗಾರಿಗೆ ತಗಚೆ ಬೀಜ ಎರಚಿ. ಅದು ಇದನ್ನು ಅದುಮಿ ಬೆಳೆಯುತ್ತದೆ. ಮಳೆಗಾಲದಲ್ಲಿ ಈ ಗಿಡದ ಎಲೆ ತಿನ್ನುವ, ಬೆನ್ನ ಮೇಲೆ ಕಂದು ಗೆರೆಯ ಪುಟ್ಟ ಜೀರುಂಡೆ ಕಂಡರೆ ಕೊಲ್ಲಬೇಡಿ. ಅದನ್ನು ಇದಕ್ಕೆಂದೇ ಮೆಕ್ಸಿಕೋ ದೇಶದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು.

ಲಂಟಾನವೂ ಅಂದಕ್ಕೆಂದು ಬಂದು ಬೇಲಿ ನುಂಗಿದ ಗಿಡ. ಹೂವು ಚೆಂದ, ಚಿಟ್ಟೆಗಳೂ ಬರುತ್ತವೆ. ಆದರೆ ಬೇರೆ ಗಿಡ ಏಳಗೊಡುವುದಿಲ್ಲ. ಮೇವಿಲ್ಲದ ಬೇಸಗೆಯಲ್ಲಿ, ಅದರಲ್ಲೂ ಹೊಸದಾಗಿ ಕೊಂಡುತಂದ ದನ ಇದನ್ನು ತಿಂದರೆ ಪಿತ್ತಕೋಶ ಕೆಡುತ್ತದೆ. ಬಿಸಿಲಿಗೆ ಮೂತಿ, ಚರ್ಮ ಬಿರಿಯುತ್ತದೆ. ಅಂಥ ದನವನ್ನು ನೆರಳಿನಲ್ಲಿ ಕಟ್ಟಿ, ಕೂಡಲೇ ಪಶುವೈದ್ಯರನ್ನು ಕರೆಸಿ. ಲಂಟಾನವನ್ನು ಬುಡದಿಂದ ಅಗೆದು ತೆಗೆದು, ಆ ಜಾಗದಲ್ಲಿ ಹೊಂಗೆಯನ್ನೋ ತಂಗಡಿಯನ್ನೋ ಹಾಕಿ. ಜಾಗ ಬರಿದಾಗಿ ಬಿಟ್ಟರೆ ಅದೇ ಮತ್ತೆ ಬರುತ್ತದೆ.

ಉಮ್ಮತ್ತಿಯ ಬಿಳಿಯ ಉದ್ದನೆಯ ಹೂವು ಮಕ್ಕಳಿಗೆ ಆಟಿಕೆ. ಆದರೆ ಗಿಡವೆಲ್ಲಾ ವಿಷ. ಬೀಜ ಮೆಣಸಿನಕಾಯಿಯ ಬೀಜದಂತೆಯೇ ಕಾಣುತ್ತದೆ. ಮಗು ತಿಂದಿತೆಂದು ಸಂಶಯ ಬಂದರೂ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಓಡಿ. ಕಣಗಿಲೆಯ ಎಲೆ ಒಣಗಿದರೂ ದನಕ್ಕೆ ಮೃತ್ಯು. ಕತ್ತರಿಸಿದ ಸೊಪ್ಪನ್ನು ಮೇವಿನ ಹತ್ತಿರ ಹಾಕಬೇಡಿ.

ಈಗ ನೀವು ಮಾಡಬೇಕಾದ ಕೆಲಸ.

ಒಂದು: ಬೇಲಿಗೆ ಬೆಂಕಿ ಹಾಕಬೇಡಿ, ಕಳೆನಾಶಕ ಹೊಡೆಯಬೇಡಿ. ಸವರುವುದಿದ್ದರೆ ಈ ವರ್ಷ ದಾರಿಯ ಒಂದು ಬದಿ, ಮುಂದಿನ ವರ್ಷ ಇನ್ನೊಂದು ಬದಿ. ಅದೂ ಹೂವು ಮುಗಿದ ಮೇಲೆ.

ಎರಡು: ಕೆಟ್ಟ ಗಿಡವನ್ನು ಆರಿಸಿ ಕೀಳಿ, ಒಳ್ಳೆಯದನ್ನು ಉಳಿಸಿ. ಸಂದು ಇದ್ದ ಕಡೆ ಮೊದಲ ಮಳೆಗೆ ಹೊಂಗೆ, ತಂಗಡಿ ಬೀಜ ಊರಿ.

ಮೂರು: ಬೆಳೆಗೆ ಔಷಧಿ ಹೊಡೆಯಲೇಬೇಕಾದರೆ ಸಂಜೆ ಹೊಡೆಯಿರಿ. ಬೆಳಗಿನ ಹೊತ್ತು ಹೂವಿನ ಮೇಲೆ ಜೇನು ದುಡಿಯುತ್ತಿರುತ್ತದೆ.

ನಾಲ್ಕು: ಬಾವಿಯ ಹತ್ತಿರ ಅಗಲವಾದ ಬಾನಿಯಲ್ಲಿ ನೀರಿಟ್ಟು ನಾಲ್ಕು ಕಲ್ಲು ಹಾಕಿ. ಬೇಸಗೆಯಲ್ಲಿ ಜೇನಿಗೂ ಬಾಯಾರುತ್ತದೆ. ಕೂರಲು ಕಲ್ಲಿದ್ದರೆ ಮುಳುಗಿ ಸಾಯುವುದಿಲ್ಲ.

ಐದು: ಕಾಯಿ ಉದುರಿದರೆ ಸುಮ್ಮನೆ ಗೊಬ್ಬರಕ್ಕೆ ದುಡ್ಡು ಸುರಿಯಬೇಡಿ. ನೀರಿನ ಕೊರತೆ, ಬಿಸಿಲಿನ ಝಳ, ಹಣ್ಣುನೊಣ, ಇವುಗಳಿಂದಲೂ ಉದುರಬಹುದು. ಪರೀಕ್ಷೆ ಸುಲಭ. ಬೆಳಿಗ್ಗೆ ಆಗತಾನೆ ಅರಳಿದ ಗಂಡುಹೂವನ್ನು ಕಿತ್ತು, ದಳ ಬಿಡಿಸಿ, ಹೆಣ್ಣುಹೂವಿನ ನಡುವಿಗೆ ಮೆಲ್ಲಗೆ ತಾಗಿಸಿ. ಹತ್ತು ಹೂವಿಗೆ ಹೀಗೆ ಮಾಡಿ ತೊಟ್ಟಿಗೆ ಗುರುತಿನ ದಾರ ಕಟ್ಟಿ. ದಾರ ಕಟ್ಟಿದ್ದು ನಿಂತು, ಮಿಕ್ಕದ್ದು ಉದುರಿದರೆ, ನಿಮ್ಮ ಹೊಲಕ್ಕೆ ಬೇಕಾದದ್ದು ಗೊಬ್ಬರವಲ್ಲ, ಜೇನು ಎಂದು ತಿಳಿಯಿರಿ.

ಗೌಡರ ಹೊಲದಲ್ಲಿ ನಾವು ಮಾಡಿದ್ದೂ ಅದನ್ನೇ. ದಾರ ಕಟ್ಟಿದ ಹತ್ತರಲ್ಲಿ ಎಂಟು ಕಾಯಿ ನಿಂತವು. ಆಮೇಲೆ ಅಜ್ಜಿ, ಸೊಸೆ, ಮೊಮ್ಮಕ್ಕಳು ಎಲ್ಲರೂ ಬೆಳಗಾಗೆದ್ದು ಹೂವು ಮುಟ್ಟಿಸಿ, ಉಳಿದಷ್ಟು ಬೆಳೆಯನ್ನು ದಕ್ಕಿಸಿಕೊಂಡರು. ಆದರೂ ಆ ವರ್ಷ ಸಾಲ ತೀರಲಿಲ್ಲ. ಆ ಮಾತು ಹೇಳದೆ ಬಿಟ್ಟರೆ ನಾನು ನಿಮಗೆ ಸುಳ್ಳು ಹೇಳಿದ ಹಾಗಾಗುತ್ತದೆ.

ಆ ಮುಂಗಾರಿಗೆ ನಾನೂ ಗೌಡರೂ ಸೇರಿ ಸುಟ್ಟ ದಾರಿಯ ಉದ್ದಕ್ಕೂ ತಂಗಡಿ, ಹೊಂಗೆ ಬೀಜ ಊರಿದೆವು. ತಂಗಡಿ ಎರಡನೆಯ ವರ್ಷಕ್ಕೇ ಹೂವು ಬಿಟ್ಟಿತು. ಹೊಂಗೆ ಇನ್ನೂ ಎಳೆಯದು, ಅದಕ್ಕೆ ಕಾಲ ಬೇಕು. ಮೊನ್ನೆ ಯುಗಾದಿಯ ಮರುದಿನ ಆ ದಾರಿಯಲ್ಲಿ ಹೋದೆ. ಗೌಡರು ಸೌತೆ ಕೊಯ್ಯುತ್ತಿದ್ದರು. ಒಂದು ಎಳೆಗಾಯಿ ಕೈಗೆ ಕೊಟ್ಟು, “ತಿನ್ನಿ ಸ್ವಾಮಿ, ನೆಟ್ಟಗೈತೆ” ಎಂದರು.

ನಿಮ್ಮ ಊರಿನಲ್ಲೂ ಭರಣಿ ಮಳೆಗೆ ಮುಂಚೆ ದಾರಿ ಸವರುವ ಮಾತು ಬಂದೀತು. ಕತ್ತಿ ಎತ್ತುವ ಮೊದಲು ಒಮ್ಮೆ ಬೇಲಿಯ ಹತ್ತಿರ ನಿಂತು ಹೂವಿನ ಮೇಲೆ ಯಾರು ಕುಳಿತಿದ್ದಾರೆ ನೋಡಿ. ಮನೆಯ ಹಿರಿಯರನ್ನೂ ಕೇಳಿ, ಅವರು ನೋಡಿರುತ್ತಾರೆ.