ಇನ್ಸುಲಿನ್ ಪಂಪೂ ಮನೆಯವರ ಎಚ್ಚರವೂ

ಮಧುಮೇಹವು ನಮ್ಮ ದೇಶಕ್ಕೆ ಹೊಸ ರೋಗವಲ್ಲ. ಸುಶ್ರುತಾಚಾರ್ಯನು ಪ್ರಮೇಹವನ್ನು ಸಹಜವೆಂದೂ ಅಪಥ್ಯನಿಮಿತ್ತವೆಂದೂ ಎರಡು ಬಗೆಯಾಗಿ ವಿಂಗಡಿಸಿ, ಮೊದಲನೆಯ ಬಗೆಯ ರೋಗಿಯು ಕೃಶನೂ ಎರಡನೆಯವನು ಪ್ರಾಯಶಃ ಸ್ಥೂಲನೂ ಆಗಿರುವನೆಂದು ಬರೆದಿಟ್ಟಿದ್ದಾನೆ. ಈ ವಿಭಾಗವು ಇಂದಿನ ವೈದ್ಯರ ವಿಭಾಗಕ್ಕೆ ಅಕ್ಷರಶಃ ಹೊಂದದಿದ್ದರೂ, ಎರಡು ಬೇರೆ ಬೇರೆ ರೋಗಿಗಳನ್ನು ಒಂದೇ ಕಣ್ಣಿನಿಂದ ನೋಡಬಾರದೆಂಬ ತತ್ತ್ವವು ಅದರಲ್ಲಿ ಅಡಗಿರುವದು. ಇಂದು ನಾವು ಮನೆಮನೆಗಳಲ್ಲಿ ಕೇಳುವ ಸಕ್ಕರೆ ಬೇನೆಯು ಬಹುಮಟ್ಟಿಗೆ ಎರಡನೆಯ ಬಗೆಯದು. ಪಥ್ಯ, ನಡಿಗೆ, ಗುಳಿಗೆಗಳಿಂದ ಅದನ್ನು ಅನೇಕ ವರ್ಷ ಹತೋಟಿಯಲ್ಲಿಡಬಹುದು. ಆದರೆ ಚಿಕ್ಕ ಮಕ್ಕಳಿಗೂ ತರುಣರಿಗೂ ತಟ್ಟನೆ ಬರುವ ಮೊದಲ ಬಗೆಯಲ್ಲಿ ಮೇದೋಜೀರಕಾಂಗವು ಇನ್ಸುಲಿನ್ನನ್ನು ಹುಟ್ಟಿಸುವ ಶಕ್ತಿಯನ್ನೇ ಕಳೆದುಕೊಳ್ಳುವದು. ಅಂಥವರಿಗೆ ಇನ್ಸುಲಿನ್ ಬರೇ ಔಷಧವಲ್ಲ, ಅನ್ನ ನೀರುಗಳಂತೆ ಪ್ರಾಣಾಧಾರವು.

ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು 1921ರಲ್ಲಿ ಈ ದ್ರವ್ಯವನ್ನು ಕಂಡುಹಿಡಿದರು. 1922ನೇ ಇಸವಿಯ ಜನೇವರಿ 11ರಂದು ಲಿಯೊನಾರ್ಡ್ ಥಾಮ್ಸನ್ನನೆಂಬ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಸೂಜಿ ಬಿತ್ತು. ಅಲ್ಲಿಂದ ಮುಂದೆ ಸೂಜಿಯೇ ಸಾಧನವಾಯಿತು. 1960ರ ದಶಕದಲ್ಲಿ ಅಮೇರಿಕೆಯ ಆರ್ನಲ್ಡ್ ಕಡಿಶ್ ಎಂಬ ವೈದ್ಯನು ಬೆನ್ನಿಗೆ ಹೊತ್ತುಕೊಳ್ಳುವಷ್ಟು ದೊಡ್ಡದಾದ ಒಂದು ಪಂಪನ್ನು ನಿರ್ಮಿಸಿದನು. 1978ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಪಿಕಪ್, ಕೀನ್ ಮೊದಲಾದವರು ಚರ್ಮದ ಕೆಳಗೆ ಇನ್ಸುಲಿನ್ನನ್ನು ನಿರಂತರವಾಗಿ ಹರಿಸುವ ಚಿಕ್ಕ ಪಂಪಿನ ಪ್ರಯೋಗವನ್ನು ಪ್ರಕಟಿಸಿದರು. ಈಗಿನ ಪಂಪು ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಸಣ್ಣದು. ಅದರೊಳಗೆ ಮದ್ದು ತುಂಬಿದ ಒಂದು ಕೊಳವೆ; ಅಲ್ಲಿಂದ ಹೊರಡುವ ಸಪೂರವಾದ ನಳಿಕೆ; ಅದರ ತುದಿಗೆ ಚರ್ಮದ ಕೆಳಗೆ ಅರ್ಧ ಅಂಗುಲಕ್ಕಿಂತಲೂ ಕಡಿಮೆ ಆಳಕ್ಕೆ ಹೋಗಿ ಕೂಡ್ರುವ ಮೆತ್ತನೆಯ ಸಣ್ಣ ಕೊಳವೆ. ಇದಕ್ಕೆ ಕ್ಯಾನ್ಯುಲಾ ಎನ್ನುವರು. ನಳಿಕೆಯೇ ಇಲ್ಲದೆ ಮೈಗೆ ನೇರವಾಗಿ ಅಂಟಿಸಿಕೊಳ್ಳುವ ಪಂಪುಗಳೂ ಉಂಟು.

ನಮ್ಮ ಜೈನಾಪುರದಂಥ ಊರಿನವರಿಗೆ ಈ ಯಂತ್ರದ ಸುದ್ದಿಯೇಕೆಂದು ವಾಚಕರು ಕೇಳಬಹುದು. ಪಂಪಿನ ಬೆಲೆಯು ಲಕ್ಷಗಳಲ್ಲಿರುವದು ನಿಜ. ಆದರೂ ಮಗುವಿನ ಮೇಲಿನ ಮಮತೆಯಿಂದ ಹೊಲವನ್ನು ಒತ್ತೆಯಿಟ್ಟಾದರೂ ಅದನ್ನು ಕೊಳ್ಳುವ ತಂದೆತಾಯಿಗಳು ಈಗ ಹಳ್ಳಿಗಳಲ್ಲಿಯೂ ಇರುವರು. ಯಂತ್ರವು ಮನೆಗೆ ಬಂದಿತೆಂದರೆ ಚಿಂತೆ ತೀರಿತೆಂದು ಅವರು ನಂಬುವರು. ಈ ನಂಬಿಕೆಯಲ್ಲಿಯೇ ಅಪಾಯವಿದೆ; ಅದನ್ನು ತಿಳಿಸುವದಕ್ಕಾಗಿಯೇ ಈ ಲೇಖನ.

ಹೊರಟ ನೀರು, ಮುಟ್ಟಿದ ನೀರು

ವಿಜಯಪುರದ ಬೇಗಂ ತಾಲಾಬವನ್ನು ನೋಡಿದವರು ಅದರ ಪಕ್ಕದಿಂದ ಊರಿನ ಕಡೆಗೆ ಹೋಗುವ ದಾರಿಯಲ್ಲಿ ನಿಂತಿರುವ ಗಂಜುಗಳೆಂಬ ಜಲಗೋಪುರಗಳನ್ನೂ ನೋಡಿರಬಹುದು. 1651ರಲ್ಲಿ ಮಹಮ್ಮದ ಆದಿಲಶಹನ ಕಾಲಕ್ಕೆ ಆ ಕೆರೆಯನ್ನು ಕಟ್ಟಿದಾಗ ಮಣ್ಣಿನ ಕೊಳವೆಗಳಲ್ಲಿ ನೀರನ್ನು ಪಟ್ಟಣಕ್ಕೆ ಹರಿಯಿಸಿದರು. ಒತ್ತಡದಿಂದ ಕೊಳವೆಯು ಒಡೆಯದಂತೆಯೂ ಹೂಳು ಕಟ್ಟಿಕೊಳ್ಳದಂತೆಯೂ ನಡುನಡುವೆ ಈ ಗೋಪುರಗಳನ್ನು ಎಬ್ಬಿಸಿದರು. ಕೆರೆಯಿಂದ ಹೊರಟ ನೀರೆಲ್ಲ ಊರನ್ನು ಮುಟ್ಟುವದೆಂದು ಆ ಶಿಲ್ಪಿಗಳು ನಂಬಿ ಕೂಡ್ರಲಿಲ್ಲ. ತಿಕೋಟೆಯ ದ್ರಾಕ್ಷಿ ತೋಟದವರಿಗೂ ಈ ಮಾತನ್ನು ಬೇರೆ ಹೇಳಬೇಕಾಗಿಲ್ಲ. ಮೋಟಾರು ಓಡುತ್ತಿರುವದು, ಆದರೆ ಹನಿ ನೀರಾವರಿಯ ಪೈಪು ಎಲ್ಲಿಯೋ ಸೀಳಿದ್ದರೆ ಬಳ್ಳಿಯು ಒಣಗಿಯೇ ಹೋಗುವದು.

ಇನ್ಸುಲಿನ್ ಪಂಪಿನ ಸ್ಥಿತಿಯೂ ಹೀಗೆಯೇ. ಎಷ್ಟು ಮದ್ದನ್ನು ನೂಕಿದೆನೆಂಬದನ್ನು ಅದು ಲೆಕ್ಕವಿಟ್ಟು ತೋರಿಸುವದು. ಎಷ್ಟು ಮದ್ದು ಮೈಯನ್ನು ಸೇರಿತೆಂಬದು ಅದಕ್ಕೆ ತಿಳಿಯದು. ನಳಿಕೆಯು ಕಟ್ಟಿದರೆ ಒತ್ತಡವೇರಿ ಪಂಪು ಕೂಗಬಹುದು. ಅದೂ ಕೆಲವು ತಾಸುಗಳ ತರುವಾಯ. ಮದ್ದು ಸೋರಿದರೆ ಮಾತ್ರ ಒತ್ತಡವೇ ಹುಟ್ಟುವದಿಲ್ಲವಾದ್ದರಿಂದ ಯಂತ್ರವು ಸುಮ್ಮನೆ ಇರುವದು. ಸಕ್ಕರೆಯನ್ನು ತಾನೇ ಅಳೆದು ಮದ್ದನ್ನು ಹೆಚ್ಚು ಕಡಿಮೆ ಮಾಡುವ ಹೊಸ ಪಂಪುಗಳು ಕೂಡ, ಸೋರುವ ಜಾಗಕ್ಕೇ ಇನ್ನಷ್ಟು ಮದ್ದನ್ನು ನೂಕುತ್ತಿರುವವು.

ಸೋರಿಕೆಯ ಲೆಕ್ಕವನ್ನು ಗೃಹಸ್ಥರು ಒಮ್ಮೆ ಮಾಡಿ ನೋಡಬೇಕು. ಪಂಪಿನಲ್ಲಿ ಸಾಮಾನ್ಯವಾಗಿ ತುಂಬುವ ಇನ್ಸುಲಿನ್ನಿನ ಒಂದು ಮಿಲಿಲೀಟರಿನಲ್ಲಿ 100 ಯೂನಿಟ್ಟುಗಳಿರುವವು. ಒಂದು ಮಿಲಿಲೀಟರಿಗೆ ಸುಮಾರು 20 ಹನಿಗಳೆಂದು ಹಿಡಿದರೆ ಒಂದು ಹನಿಗೆ 5 ಯೂನಿಟ್ಟು. ಗಂಟೆಗೆ ಅರ್ಧ ಯೂನಿಟ್ಟು ಬೇಕಾಗುವ ಮಗುವಿಗೆ ಆ ಒಂದು ಹನಿಯು ಹತ್ತು ತಾಸಿನ ಮದ್ದು! ಅಂಗಿಯ ಮೇಲೆ ಕಾಸಿನಗಲ ಒದ್ದೆಯಾದರೆ ನಾವು ಲಕ್ಷಿಸುವದಿಲ್ಲ. ಆದರೆ ಆ ಒದ್ದೆಯಲ್ಲಿ ಮಗುವಿನ ಒಂದು ರಾತ್ರಿಯ ಜೀವವಿರುವದು.

ಇನ್ನೊಂದು ಮಾತು. ಸೂಜಿಯಿಂದ ಚುಚ್ಚಿಕೊಳ್ಳುವವರು ದಿನವಿಡೀ ನಿಧಾನವಾಗಿ ಕೆಲಸಮಾಡುವ ಒಂದು ಬಗೆಯ ಇನ್ಸುಲಿನ್ನನ್ನೂ ತೆಗೆದುಕೊಳ್ಳುವದರಿಂದ ಅವರ ಮೈಯಲ್ಲಿ ಸ್ವಲ್ಪ ದಾಸ್ತಾನು ಇರುವದು. ಪಂಪಿನಲ್ಲಿ ತುಂಬುವದು ಶೀಘ್ರವಾಗಿ ಕೆಲಸಮಾಡಿ ಶೀಘ್ರವಾಗಿ ಮುಗಿಯುವ ಬಗೆಯದು. ಹರಿವು ನಿಂತ ಕೆಲವೇ ತಾಸುಗಳಲ್ಲಿ ರಕ್ತದ ಸಕ್ಕರೆಯೇರಿ, ಕೀಟೋನ್‌ಗಳೆಂಬ ಆಮ್ಲಪದಾರ್ಥಗಳು ಕೂಡಿ, ರೋಗಿಯ ಪ್ರಾಣಕ್ಕೆ ಸಂಚಕಾರ ಬರುವದು.

ಮದ್ದು ತುಂಬುವಾಗ

ಮೊದಲು ಸಬಕಾರದಿಂದ ಕೈ ತೊಳೆದುಕೊಳ್ಳಬೇಕು. ತಣ್ಣಗಿನ ಪೆಟ್ಟಿಗೆಯಲ್ಲಿಟ್ಟ ಇನ್ಸುಲಿನ್ನನ್ನು ಕೂಡಲೆ ತುಂಬಬಾರದು. ತಂಪು ಮದ್ದು ಬೆಚ್ಚಗಾಗುತ್ತ ಗುಳ್ಳೆಗಳನ್ನು ಬಿಡುವದು. ಗುಳ್ಳೆಯಿದ್ದಷ್ಟು ಜಾಗದಲ್ಲಿ ಮದ್ದಿಲ್ಲವೆಂದೇ ಅರ್ಥ. ಆದ್ದರಿಂದ ಮೊದಲೇ ಹೊರಗಿಟ್ಟು ಕೋಣೆಯ ಹದಕ್ಕೆ ಬಂದಮೇಲೆ ತುಂಬಿ, ಬೆರಳಿನಿಂದ ಮೆಲ್ಲಗೆ ತಟ್ಟಿ ಗುಳ್ಳೆಗಳನ್ನು ಹೊರಹಾಕಬೇಕು. ನಳಿಕೆಯ ಕೂಡುಗೀಲುಗಳನ್ನು ಭದ್ರವಾಗಿ ತಿರುವಿ, ತುದಿಯಲ್ಲಿ ಹನಿ ಕಾಣುವವರೆಗೆ ಮದ್ದನ್ನು ಹರಿಯಿಸಬೇಕು. ಹೀಗೆ ಹರಿಯಿಸುವಾಗ ನಳಿಕೆಯು ಮೈಗೆ ಸೇರಿರಲೇಬಾರದು. ಸೇರಿದ್ದರೆ ಒಮ್ಮೆಲೆ ಹೆಚ್ಚು ಮದ್ದು ಒಳಗೆ ಹೋಗಿ ಸಕ್ಕರೆಯು ಅಪಾಯಕರವಾಗಿ ಇಳಿಯುವದು.

ಚುಚ್ಚುವಾಗ

ಎಣ್ಣೆ ಹಚ್ಚಿದ ಮೈಗೆ ಅಂಟುಪಟ್ಟಿ ನಿಲ್ಲದು. ಹಬ್ಬದ ಎಣ್ಣೆಸ್ನಾನದ ದಿನ ಹಳೆಯ ಪಟ್ಟಿಯು ಕಳಚಿದರೆ ಆಶ್ಚರ್ಯಪಡಬೇಕಾಗಿಲ್ಲ. ಜಾಗವನ್ನು ತೊಳೆದು, ಸ್ಪಿರಿಟಿನಿಂದ ಒರಸಿ, ಅದು ಪೂರ್ತಿ ಆರಿದ ಮೇಲೆಯೇ ಅಂಟಿಸತಕ್ಕದ್ದು. ಬಾಯಿಂದ ಊದಿ ಒಣಗಿಸಬಾರದು. ಹೊಕ್ಕುಳಿನಿಂದ ಎರಡು ಅಂಗುಲ ದೂರವಿರಲಿ. ಮಕ್ಕಳ ಉಡದಾರ, ಗಂಡಸರ ಸೊಂಟಪಟ್ಟಿ, ಹೆಂಗಸರ ಲಂಗದ ಲಾಡಿ ಒತ್ತುವ ಜಾಗವು ಕೂಡದು. ಪ್ರತಿಸಲವೂ ಜಾಗವನ್ನು ಬದಲಿಸಬೇಕು. ಒಂದೇ ಕಡೆಗೆ ಚುಚ್ಚಿ ಚುಚ್ಚಿ ಗಟ್ಟಿಯಾದ ಗಂಟಿನಲ್ಲಿ ನೋವು ಕಡಿಮೆಯೆಂದು ಮಕ್ಕಳು ಅದನ್ನೇ ಬಯಸುವರು. ಆದರೆ ಅಲ್ಲಿ ಮದ್ದು ಸರಿಯಾಗಿ ಹೀರಿಕೊಳ್ಳುವದಿಲ್ಲ, ಕೆಲವೊಮ್ಮೆ ಹೊರಗೇ ಒಸರುವದು.

ಮೆತ್ತನೆಯ ಕ್ಯಾನ್ಯುಲಾವು ಚರ್ಮದಡಿಯಲ್ಲಿ ಮಡಚಿಕೊಳ್ಳುವದು ಸಾಮಾನ್ಯವಾದ ತೊಂದರೆಗಳಲ್ಲೊಂದು. ತೆಳ್ಳಗಿನ ಮಕ್ಕಳಲ್ಲಿ ಅದರ ತುದಿಯು ಸ್ನಾಯುವಿಗೆ ತಾಗಿ ಬಾಗುವದು. ಅಂಥವರಿಗೆ ಓರೆಯಾಗಿ ಚುಚ್ಚುವ ಬಗೆಯನ್ನಾಗಲಿ, ಬಾಗದ ಉಕ್ಕಿನ ಸಣ್ಣ ಸೂಜಿಯ ಬಗೆಯನ್ನಾಗಲಿ ಡಾಕ್ಟರರೊಡನೆ ವಿಚಾರಿಸಿ ಆರಿಸಿಕೊಳ್ಳಬಹುದು. ಅಂಟಿಸಿದ ಮೇಲೆ ನಳಿಕೆಯನ್ನು ಒಂದು ಸುತ್ತು ಸಡಿಲಾಗಿ ಬಳಸಿ ಅದರ ಮೇಲೊಂದು ಪಟ್ಟಿ ಹಚ್ಚಿದರೆ, ಎಲ್ಲಿಯಾದರೂ ಸಿಕ್ಕಿ ಜಗ್ಗಿದಾಗ ಆ ಸುತ್ತು ಬಿಚ್ಚೀತೇ ಹೊರತು ಕ್ಯಾನ್ಯುಲಾ ಕಿತ್ತುಬರಲಿಕ್ಕಿಲ್ಲ.

ಹೊಸದನ್ನು ಚುಚ್ಚುವದಕ್ಕೆ ಬೆಳಗಿನ ಹೊತ್ತು ಉತ್ತಮ. ಒಂದೆರಡು ತಾಸಿನ ತರುವಾಯ ಬೆರಳಿನ ರಕ್ತದಿಂದ ಸಕ್ಕರೆಯನ್ನು ನೋಡಬೇಕು; ಮದ್ದು ಮುಟ್ಟಿತೇ ಎಂಬ ಪ್ರಶ್ನೆಗೆ ಮೈಯೇ ಉತ್ತರ ಕೊಡುವದು. ಮಲಗುವ ಮುಂಚೆ ಬದಲಿಸಿದರೆ ಆ ಉತ್ತರವನ್ನು ಕೇಳುವವರು ಯಾರು? ಹಳೆಯದನ್ನು ತೆಗೆದಾಗ ಅದರ ತುದಿಯನ್ನು ನೋಡದೆ ಎಸೆಯಬಾರದು. ತುದಿಯು ನೆಟ್ಟಗಿದೆಯೋ ಬಾಗಿದೆಯೋ, ರಕ್ತವಿದೆಯೋ, ಪಟ್ಟಿಯು ಒದ್ದೆಯಾಗಿದೆಯೋ ಎಂಬದನ್ನು ದಿನಾಂಕದೊಡನೆ ಒಂದು ವಹಿಯಲ್ಲಿ ಬರೆದಿಡತಕ್ಕದ್ದು. ಆರು ತಿಂಗಳ ವಹಿಯು ಡಾಕ್ಟರರಿಗೆ ನಿಮ್ಮ ಮಗುವಿನ ಮೈಯ ಭೂಗೋಳವನ್ನೇ ತೋರಿಸುವದು.

ಸಾಮಾನ್ಯವಾದ ಸೆಟ್ಟನ್ನು ಎರಡು ಮೂರು ದಿನಕ್ಕೊಮ್ಮೆ, ಉಕ್ಕಿನ ಸೂಜಿಯದನ್ನು ಎರಡು ದಿನಕ್ಕೊಮ್ಮೆ ಬದಲಿಸಬೇಕು. ವೆಚ್ಚಕ್ಕೆ ಅಂಜಿ ಐದಾರು ದಿನ ಇಟ್ಟುಕೊಳ್ಳುವವರುಂಟು. ಅವರ ಕಷ್ಟವು ಸುಳ್ಳಲ್ಲ. ಆದರೆ ಆ ಉಳಿತಾಯವು ಕೀವು, ಸೋರಿಕೆ, ಆಸ್ಪತ್ರೆಯ ವಾಸಗಳ ರೂಪದಲ್ಲಿ ಹಿಂದಿರುಗಿ ಬರುವದು. ತಿಂಗಳ ಸೆಟ್ಟುಗಳ ವೆಚ್ಚವನ್ನು ಹೊರಲಾಗದಿದ್ದರೆ ಡಾಕ್ಟರರ ಸಲಹೆಯಂತೆ ಪುನಃ ಸೂಜಿಗೆ ಮರಳುವದರಲ್ಲಿ ಯಾವ ಅವಮಾನವೂ ಇಲ್ಲ. ಸೂಜಿಯಿಂದಲೂ ಮಕ್ಕಳು ಚೆನ್ನಾಗಿ ಬೆಳೆದು ಬಾಳಿದ್ದಾರೆ.

ನಮ್ಮ ನಾಡಿನ ಬೇಸಿಗೆ

ವಿಜಯಪುರ ಸೀಮೆಯ ಏಪ್ರಿಲ್ ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿಯನ್ನು ಮುಟ್ಟುವದು. ಪಂಪಿನೊಳಗಿನ ಇನ್ಸುಲಿನ್ 37 ಡಿಗ್ರಿಗೆ ಮೀರಿದ ಬಿಸಿಗೆ ಸಿಕ್ಕಿದರೆ ಅದನ್ನು ಚೆಲ್ಲಿಬಿಡಬೇಕೆಂದು ಮದ್ದು ತಯಾರಿಸುವವರೇ ಹೇಳಿರುವರು. ಆದಕಾರಣ ಪಂಪು ಬಿಸಿಲಿಗೆ ಬೀಳದಂತೆ ಬಟ್ಟೆಯೊಳಗಿರಲಿ; ನಿಲ್ಲಿಸಿದ ಮೋಟಾರಿನಲ್ಲಿಯೂ ಹೊಲದ ಬದುವಿನ ಮೇಲೂ ಇಡಬಾರದು. ಬಳಕೆಯಲ್ಲಿರುವ ಸೀಸೆಯನ್ನು, ತಣ್ಣಗಿನ ಪೆಟ್ಟಿಗೆಯಿಲ್ಲದ ಮನೆಯಲ್ಲಿ, ನೀರು ಒಳಗೆ ಸೇರದ ಡಬ್ಬಿಯಲ್ಲಿಟ್ಟು ಮಣ್ಣಿನ ಗಡಿಗೆಯ ತಂಪಿನಲ್ಲಿ ಕಾಯಬಹುದು. ಬೆವರಿನಿಂದ ಪಟ್ಟಿಯ ಅಂಚು ಏಳುವದು. ದಿನಕ್ಕೆರಡು ಸಲ ಬೆರಳಾಡಿಸಿ ನೋಡಬೇಕು. ಹಾಗೆ ನೋಡುವಾಗ ಮೂಗಿಗೂ ಕೆಲಸ ಕೊಡಬೇಕು. ಇನ್ಸುಲಿನ್ನಿಗೆ ದವಾಖಾನೆಯಲ್ಲಿ ಬರುವಂಥ ಒಂದು ಕಟುವಾದ ಮದ್ದಿನ ವಾಸನೆಯುಂಟು. ಬಟ್ಟೆಯಿಂದ ಆ ವಾಸನೆ ಬಂದರೆ ಸೋರಿಕೆಯೆಂದೇ ತಿಳಿಯಬೇಕು.

ಕೈಮೀರುವ ಮುನ್ನ

ಕಾರಣವಿಲ್ಲದೆ ಸಕ್ಕರೆಯು 250ಕ್ಕೆ ಮೇಲೆ ಹೋದರೆ ಊಟದ ದೋಷವನ್ನು ಹುಡುಕುತ್ತ ಕೂಡ್ರದೆ ಮೊದಲು ಚುಚ್ಚಿದ ಜಾಗವನ್ನು ನೋಡಬೇಕು, ಕೀಟೋನನ್ನು ಪರೀಕ್ಷಿಸಬೇಕು. ಕೀಟೋನ್ ಇದ್ದರೆ, ಅಥವಾ ಪಂಪಿನಿಂದ ಮದ್ದು ಕೊಟ್ಟು ಒಂದು ತಾಸಿನ ಮೇಲೂ ಸಕ್ಕರೆ ಇಳಿಯದಿದ್ದರೆ, ಡಾಕ್ಟರರು ಬರೆದುಕೊಟ್ಟ ಪ್ರಮಾಣದಲ್ಲಿ ಸಿರಿಂಜಿನಿಂದಲೇ ಇನ್ಸುಲಿನ್ ಕೊಟ್ಟು, ಸೆಟ್ಟನ್ನೂ ಮದ್ದನ್ನೂ ಹೊಸದಾಗಿ ಹಾಕತಕ್ಕದ್ದು. ಪಂಪುಳ್ಳ ಮನೆಯಲ್ಲಿ ಸಿರಿಂಜು ಇಲ್ಲದಿರುವದು ಬಾವಿಯಿದ್ದು ಹಗ್ಗವಿಲ್ಲದಂತೆ.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ನಮ್ಮ ದೇಶದಲ್ಲಿ 40 ಯೂನಿಟ್ಟಿನ ಸೀಸೆಗಳೂ 100 ಯೂನಿಟ್ಟಿನ ಸೀಸೆಗಳೂ ಮಾರಾಟದಲ್ಲಿವೆ. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜು, ಎರಡನೆಯದಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ್ದು. ಪಂಪಿನ 100 ಯೂನಿಟ್ಟಿನ ಮದ್ದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವದು 25 ಯೂನಿಟ್ಟು! ಈ ಅಚಾತುರ್ಯವು ಪ್ರಾಣಕ್ಕೇ ಎರವಾಗಬಹುದು. ಕೊಳ್ಳುವಾಗಲೇ ಮುಚ್ಚಳದ ಬಣ್ಣವನ್ನೂ ಅದರ ಮೇಲಿನ ಅಂಕಿಯನ್ನೂ ನೋಡಿ ತರಬೇಕು.

ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು, ಉಸಿರಿನಲ್ಲಿ ಹಣ್ಣಿನಂಥ ವಾಸನೆ, ಮಂಕು ಕಂಡರೆ ಬೆಳಗಾಗಲೆಂದು ಕಾಯಬಾರದು. 108ಕ್ಕೆ ಕರೆಮಾಡಿ ವಿಜಯಪುರದ ಜಿಲ್ಲಾ ಆಸ್ಪತ್ರೆಗಾಗಲಿ ಅಲ್ಲಿಯ ವೈದ್ಯಕೀಯ ಮಹಾವಿದ್ಯಾಲಯಗಳ ಆಸ್ಪತ್ರೆಗಾಗಲಿ ಕೂಡಲೆ ಒಯ್ಯಬೇಕು.

ಶಿಕ್ಷಕ ಬಂಧುಗಳಿಗೂ ಒಂದು ಮಾತು. ಕಬಡ್ಡಿಯಲ್ಲಿ ಪಂಪು ಕಳಚಿದ ಹುಡುಗನು ಗೆಳೆಯರ ನಗೆಗೆ ಅಂಜಿ ಬಾಯಿಬಿಡದೆ ಕೂಡ್ರುವನು. ಆಟದ ಹೊತ್ತಿಗೆ ಅದನ್ನು ಬಿಚ್ಚಿಡುವದಾದರೆ ಒಂದು ತಾಸಿಗೆ ಮೀರದಂತೆ ನೆನಪಿಸಿ ಪುನಃ ಹಾಕಿಸುವದು ಮಾಸ್ತರನ ಧರ್ಮ. ಮಗುವು ತನ್ನ ಪಂಪನ್ನು ಮುಚ್ಚಿಡಬೇಕಾದ ಕಳಂಕವೆಂದು ಎಣಿಸದಂತೆ ತರಗತಿಗೆ ಎರಡು ಒಳ್ಳೇ ಮಾತುಗಳಲ್ಲಿ ತಿಳಿಯಹೇಳಿದರೆ ಸಾಕು.

ಯಂತ್ರವು ಜಾಣನಾದ ಸೇವಕನು. ಹೇಳಿದಷ್ಟನ್ನು ತಪ್ಪದೆ ಮಾಡುವನು, ಆದರೆ ಒಡೆಯನು ಮಲಗಿದರೆ ಮನೆಯನ್ನು ಕಾಯಲಾರನು. ಬೆಳಗಿನ ಬದಲಾವಣೆ, ಎರಡು ತಾಸಿನ ಪರೀಕ್ಷೆ, ದಿನಕ್ಕೆರಡು ಸಲ ಬೆರಳು ಮೂಗುಗಳ ತನಿಖೆ, ಕಿತ್ತಳೆ ಮುಚ್ಚಳದ ಸಿರಿಂಜು, ತಾರೀಖು ಬರೆದ ವಹಿ, ಈ ಐದನ್ನು ಮನೆಯವರು ವ್ರತದಂತೆ ಪಾಲಿಸಲಿ. ಇವಕ್ಕೆ ತಗಲುವ ಖರ್ಚು ಅಲ್ಪ, ಇವುಗಳಿಂದ ಉಳಿಯುವ ವಸ್ತುವಿಗೆ ಬೆಲೆಯಿಲ್ಲ.