ಕಾಡುಬಿದ್ದ ಜಮೀನನ್ನು ಹಸನು ಮಾಡುವುದು ಹೇಗೆ? (ಕುರ್ಲಾದ ಓದುಗರ ಪ್ರಶ್ನೆ)

ಉಡುಪಿ, ದಕ್ಷಿಣ ಕನ್ನಡದ ಪಾಳುಬಿದ್ದ ಜಮೀನುಗಳಲ್ಲಿ ಆಳೆತ್ತರ ಬೆಳೆದು ದಾರಿ ಮುಚ್ಚುವುದು ಹೆಚ್ಚಾಗಿ ಕಮ್ಯುನಿಸ್ಟ್ ಗಿಡ. ಅಮೆರಿಕ ಖಂಡದಿಂದ ಬಂದ ಈ ಕಳೆಯ ಎಲೆಯಲ್ಲಿ ಮೂರು ನರಗಳು ತ್ರಿಶೂಲದಂತೆ ಎದ್ದು ಕಾಣುತ್ತವೆ, ಹಿಸುಕಿದರೆ ಕಟುವಾಸನೆ. ಚಳಿಗಾಲದಲ್ಲಿ ಹೂ ಬಿಟ್ಟು, ಬೇಸಿಗೆಗೆ ಇದರ ಬೀಜ ಗಾಳಿಯಲ್ಲಿ ಹಾರುತ್ತದೆ. ಹಾಗಾಗಿ ಸವರಲು ಸರಿಯಾದ ಕಾಲ ಹೂವಿಗೆ ಮುಂಚಿನ ಅಕ್ಟೋಬರ್–ನವೆಂಬರ್. ಬರೀ ಕಡಿದರೆ ಬುಡ ಮತ್ತೆ ಚಿಗುರುತ್ತದೆ. ಮುಂದಿನ ಮುಂಗಾರಿನ ಮೊದಲ ಮಳೆಗೆ ಮಣ್ಣು ಮೆತ್ತಗಾದಾಗ ಬೇರುಸಹಿತ ಕೀಳಬೇಕು.

ಕತ್ತಿ ಹಿಡಿಯುವ ಮೊದಲು ಹದ್ದುಬಸ್ತು ಅಳತೆ ಮಾಡಿಸಿ ಗಡಿಕಲ್ಲು ಗುರುತಿಸಿಕೊಳ್ಳುವುದು ಕ್ಷೇಮ. ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಜಾರಿಯಲ್ಲಿದೆ; ಸ್ವಂತ ಜಮೀನಿನ ಮರ ಕಡಿಯಲೂ ಅನೇಕ ವೇಳೆ ವೃಕ್ಷಾಧಿಕಾರಿಯ ಅನುಮತಿ ಬೇಕಾಗುತ್ತದೆ. ಹಲಸು, ಮಾವು, ರೆಂಜೆಗಳನ್ನು ಹೇಗೂ ಉಳಿಸಿಕೊಳ್ಳಬೇಕು, ಅಂಥ ನೆರಳು ಮತ್ತೆ ಬರಲು ದಶಕಗಳೇ ಬೇಕು. ಆ ನೆರಳಿನಡಿ ಕಮ್ಯುನಿಸ್ಟ್ ಗಿಡ ಸೊರಗುತ್ತದೆ ಎಂಬುದೂ ದೊಡ್ಡ ಲಾಭ.

ಜೆಸಿಬಿ ತಂದು ಇಳಿಜಾರನ್ನು ಬೋಳು ಮಾಡುವುದು ಅತ್ಯಂತ ಕೆಟ್ಟ ಆಯ್ಕೆ. ಒಂದೇ ಮಳೆಗಾಲ ಮೇಲ್ಮಣ್ಣನ್ನು ತೋಡಿಗೆ ಇಳಿಸಿಬಿಡುತ್ತದೆ. ಬೆಂಕಿಯೂ ಬೇಡ, ಹೂವಾಗದ ಸೊಪ್ಪು ತೆಂಗು, ಅಡಿಕೆಯ ಬುಡಕ್ಕೆ ಒಳ್ಳೆಯ ಹೊದಿಕೆ. ಪೊದೆಗಳಲ್ಲಿ ಕನ್ನಡಿಹಾವು ಅಡಗಿರುವುದರಿಂದ ಗಂಬೂಟು ಕಡ್ಡಾಯ.

ಕುರ್ಲಾದಿಂದ ಮತ್ಸ್ಯಗಂಧ ರೈಲು ಹತ್ತಿ ಅಪರೂಪಕ್ಕೆ ಊರಿಗೆ ಹೋಗುವವರು ಇಡೀ ಜಮೀನನ್ನು ಒಮ್ಮೆಗೇ ತೆರವು ಮಾಡದೆ, ನೋಡಿಕೊಳ್ಳಲು ಸಾಧ್ಯವಾಗುವಷ್ಟನ್ನೇ ಸವರಿ, ಅಲ್ಲಿ ಗೇರು ನೆಡುವುದು ಲೇಸು. ಸಸಿಗಳ ನೆರಳು ಕೂಡುವವರೆಗೆ ಮಳೆಗಾಲದ ನಡುವೆ ಒಮ್ಮೆ, ಮುಗಿದಾಗ ಮತ್ತೊಮ್ಮೆ ಕಳೆ ಸವರಿಸಬೇಕಾಗುತ್ತದೆ.