ಬೂಟ್‌ಲೋಡರ್ ಮೂಲಕ ಎಸಿಪಿಐ ಕೋಷ್ಟಕಗಳ ತಿದ್ದುಪಡಿ

ಬೂಟ್‌ಲೋಡರ್ ಮೂಲಕ ಎಸಿಪಿಐ ಕೋಷ್ಟಕಗಳ ತಿದ್ದುಪಡಿ ಎಂದರೆ, ಗಣಕಯಂತ್ರದ ಫರ್ಮ್‌ವೇರ್ ನೀಡುವ ಯಂತ್ರಾಂಶದ ವಿವರಣೆಯನ್ನು ಅದು ಕಾರ್ಯಾಚರಣಾ ವ್ಯವಸ್ಥೆಯನ್ನು ತಲುಪುವ ಮೊದಲೇ ಬದಲಾಯಿಸುವ ವಿಧಾನ. ಬಿಡಿಭಾಗಗಳನ್ನು ಕೊಂಡು ಸ್ವತಃ ಜೋಡಿಸಿಕೊಂಡ ಗಣಕಗಳಲ್ಲಿ ನಿದ್ರಾವಸ್ಥೆ, ಯುಎಸ್‌ಬಿ ಪೋರ್ಟ್, ಫ್ಯಾನಿನ ವೇಗ ಮೊದಲಾದವು ಸರಿಯಾಗಿ ಕೆಲಸ ಮಾಡದಿದ್ದಾಗ ಈ ವಿಧಾನವನ್ನು ಬಳಸುತ್ತಾರೆ. ಇದರಿಂದ ಮದರ್‌ಬೋರ್ಡಿನ ಚಿಪ್‌ನಲ್ಲಿರುವ ಫರ್ಮ್‌ವೇರ್ ಬದಲಾಗುವುದಿಲ್ಲ. ಮೆಮೊರಿಗೆ ಬಂದ ಪ್ರತಿ ಮಾತ್ರ ಬದಲಾಗುತ್ತದೆ. ಆದ್ದರಿಂದ ಪ್ರತಿ ಬಾರಿ ಗಣಕ ಆರಂಭವಾದಾಗಲೂ ಬೂಟ್‌ಲೋಡರ್ ಈ ಕೆಲಸವನ್ನು ಹೊಸದಾಗಿ ಮಾಡಬೇಕಾಗುತ್ತದೆ.

ಪ್ಯಾಚ್ ಹಾಕಿದರೂ ಬೂಟ್‌ಲೋಡರ್ ಅದನ್ನು ಕಡೆಗಣಿಸುತ್ತಿದೆ ಎಂಬುದು ಈ ವಿಧಾನದಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರು. ಬಹುತೇಕ ಸಂದರ್ಭಗಳಲ್ಲಿ ಇದಕ್ಕೆ ಮೂರರಲ್ಲಿ ಒಂದು ಕಾರಣವಿರುತ್ತದೆ: ಬೂಟ್‌ಲೋಡರ್ ಆ ಕಡತವನ್ನು ಓದಿಯೇ ಇರುವುದಿಲ್ಲ, ಓದಿದ್ದರೂ ಯಾವುದೋ ನಿಯಮದಂತೆ ತಿರಸ್ಕರಿಸಿರುತ್ತದೆ, ಅಥವಾ ಪ್ಯಾಚ್ ಅನ್ವಯವಾಗಿದ್ದರೂ ದೋಷದ ಮೂಲ ಬೇರೆಡೆ ಇರುತ್ತದೆ. ಈ ಮೂರನ್ನು ಬೇರ್ಪಡಿಸಿ ನೋಡುವುದೇ ದೋಷಪರಿಹಾರದ ಮೊದಲ ಹೆಜ್ಜೆ.

ಹಿನ್ನೆಲೆ

ಎಸಿಪಿಐ ಮಾನದಂಡವನ್ನು ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸಂಸ್ಥೆಗಳು 1996ರ ಡಿಸೆಂಬರ್‌ನಲ್ಲಿ ಪ್ರಕಟಿಸಿದವು. 2013ರಲ್ಲಿ ಅದರ ಹೊಣೆಯನ್ನು ಯುಇಎಫ್‌ಐ ಫೋರಂಗೆ ವಹಿಸಲಾಯಿತು. ಈ ಮಾನದಂಡದಂತೆ ಫರ್ಮ್‌ವೇರ್ ಹಲವು ಕೋಷ್ಟಕಗಳನ್ನು ಮೆಮೊರಿಯಲ್ಲಿ ಇರಿಸುತ್ತದೆ. ಅವುಗಳಲ್ಲಿ ಮುಖ್ಯವಾದುದು ಡಿಎಸ್‌ಡಿಟಿ. ಅದಕ್ಕೆ ಪೂರಕವಾದವು ಎಸ್‌ಎಸ್‌ಡಿಟಿಗಳು. ಇವುಗಳಲ್ಲಿ ಎಎಂಎಲ್ ಎಂಬ ಬೈಟ್‌ಕೋಡ್ ಇರುತ್ತದೆ. ಮನುಷ್ಯರು ಓದಬಲ್ಲ ರೂಪಕ್ಕೆ ಎಎಸ್‌ಎಲ್ ಎಂದು ಹೆಸರು. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸಲು ಐಎಎಸ್‌ಎಲ್ ಎಂಬ ಮುಕ್ತ ಕಂಪೈಲರ್ ಬಳಕೆಯಲ್ಲಿದೆ.

ಪ್ರತಿ ಕೋಷ್ಟಕದ ಆರಂಭದಲ್ಲಿ 36 ಬೈಟ್‌ಗಳ ತಲೆಬರಹವಿರುತ್ತದೆ. ಕೋಷ್ಟಕದ ನಾಲ್ಕಕ್ಷರದ ಹೆಸರು, ಉದ್ದ, ಚೆಕ್‌ಸಮ್, ತಯಾರಕರ ಗುರುತು, ಕೋಷ್ಟಕದ ಗುರುತು ಮತ್ತು ತಯಾರಕರ ಆವೃತ್ತಿ ಸಂಖ್ಯೆ ಇದರಲ್ಲಿ ಸೇರಿವೆ. ಬೂಟ್‌ಲೋಡರ್ ಮತ್ತು ಕರ್ನೆಲ್‌ಗಳು ಒಂದು ಪ್ಯಾಚನ್ನು ಒಪ್ಪುವುದೋ ಬಿಡುವುದೋ ಎಂಬುದನ್ನು ಬಹುಮಟ್ಟಿಗೆ ಈ ವಿವರಗಳನ್ನು ನೋಡಿಯೇ ನಿರ್ಧರಿಸುತ್ತವೆ.

ಬಳಕೆಯಲ್ಲಿರುವ ವಿಧಾನಗಳು

* ಗ್ರಬ್: ಇದರ ಎಸಿಪಿಐ ಆದೇಶದಿಂದ ಬದಲಿ ಕೋಷ್ಟಕಗಳನ್ನು ತುಂಬಬಹುದು.
* ಲಿನಕ್ಸ್ ಕರ್ನೆಲ್: ಇನಿಟ್‌ಆರ್‌ಡಿ ಕಡತದ ಮೊದಲಲ್ಲಿ, ಸಂಕುಚಿತಗೊಳಿಸದ ಸಿಪಿಐಒ ಸಂಗ್ರಹದೊಳಗೆ, ನಿಗದಿತ ಕಡತಕೋಶದಲ್ಲಿ ಇರಿಸಿದ ಕೋಷ್ಟಕಗಳನ್ನು ಕರ್ನೆಲ್ ತಾನೇ ಓದಿಕೊಳ್ಳುತ್ತದೆ.
* ಕ್ಲೋವರ್ ಮತ್ತು ಓಪನ್‌ಕೋರ್: ಆಪಲ್ ಅಲ್ಲದ ಗಣಕಗಳಲ್ಲಿ ಮ್ಯಾಕ್‌ಒಎಸ್ ನಡೆಸಲು ಬಳಸುವ ಬೂಟ್‌ಲೋಡರ್‌ಗಳು ಇವು. ಹೊಸ ಕೋಷ್ಟಕ ಸೇರಿಸುವುದರ ಜೊತೆಗೆ, ಇರುವ ಕೋಷ್ಟಕದಲ್ಲಿ ಒಂದು ಬೈಟ್ ಸರಣಿಯನ್ನು ಹುಡುಕಿ ಇನ್ನೊಂದನ್ನು ಇರಿಸುವ ಸೌಲಭ್ಯವೂ ಇವುಗಳಲ್ಲಿದೆ. ಇಂಥ ಬಳಕೆಗೆ ಆಪಲ್ ಸಂಸ್ಥೆಯ ಪರವಾನಗಿ ಒಪ್ಪಂದದಲ್ಲಿ ಅನುಮತಿಯಿಲ್ಲ.

ಪ್ಯಾಚ್ ಅನ್ವಯವಾಗದಿರಲು ಕಾರಣಗಳು

ಬೇರೆ ಪಾರ್ಟಿಷನ್: ಒಂದೇ ಗಣಕದಲ್ಲಿ ಎರಡು ಡಿಸ್ಕ್‌ಗಳೂ ಅನುಸ್ಥಾಪನೆಗೆ ಬಳಸಿದ ಒಂದು ಪೆನ್‌ಡ್ರೈವೂ ಇದ್ದರೆ, ಮೂರರಲ್ಲಿಯೂ ಇಎಫ್‌ಐ ಪಾರ್ಟಿಷನ್ ಇರಬಹುದು. ಬಳಕೆದಾರರು ಒಂದರಲ್ಲಿ ಕಡತ ತಿದ್ದುತ್ತಾರೆ, ಫರ್ಮ್‌ವೇರ್ ಇನ್ನೊಂದರಿಂದ ಬೂಟ್ ಮಾಡುತ್ತದೆ. ಎಷ್ಟು ತಿದ್ದಿದರೂ ಏನೂ ಬದಲಾಗದಿದ್ದರೆ ಮೊದಲು ಸಂಶಯಿಸಬೇಕಾದುದು ಇದನ್ನೇ.

ಸಂರಚನೆಯಲ್ಲಿನ ಲೋಪ: ಓಪನ್‌ಕೋರ್‌ನಲ್ಲಿ ಕೋಷ್ಟಕದ ಕಡತವನ್ನು ಎಸಿಪಿಐ ಕಡತಕೋಶದಲ್ಲಿ ಇರಿಸಿದರೆ ಸಾಲದು. ಸಂರಚನಾ ಕಡತದಲ್ಲಿ ಅದರ ಹೆಸರನ್ನು ನಮೂದಿಸಿ ಸಕ್ರಿಯಗೊಳಿಸಿರಬೇಕು. ಕ್ಲೋವರ್ ಬಳಸಿ ಅಭ್ಯಾಸವಾದವರು ಓಪನ್‌ಕೋರ್‌ಗೆ ಬಂದಾಗ ಇಲ್ಲಿ ಎಡವುತ್ತಾರೆ.

ಬೈಟ್ ಸರಣಿ ಹೊಂದದಿರುವುದು: ಹುಡುಕುವ ಸರಣಿ ಕೋಷ್ಟಕದಲ್ಲಿ ಇರದಿದ್ದರೆ ಬದಲಾವಣೆ ಆಗುವುದಿಲ್ಲ. ಕೋಷ್ಟಕದ ಗುರುತು ಅಥವಾ ಉದ್ದವನ್ನು ಷರತ್ತಾಗಿ ಕೊಟ್ಟಿದ್ದರೆ ಅದೂ ಹೊಂದಬೇಕು. ಫರ್ಮ್‌ವೇರ್ ಆವೃತ್ತಿಯನ್ನು ನವೀಕರಿಸಿದಾಗ ಇವೆಲ್ಲ ಬದಲಾಗಬಹುದು. ನಿನ್ನೆಯವರೆಗೆ ನಡೆಯುತ್ತಿದ್ದ ಪ್ಯಾಚ್ ಇಂದು ಕೆಲಸ ಮಾಡದಿರುವುದಕ್ಕೆ ಇದು ಒಂದು ಪ್ರಮುಖ ಕಾರಣ.

ಆವೃತ್ತಿ ಸಂಖ್ಯೆ: ಲಿನಕ್ಸ್ ಕರ್ನೆಲ್ ಬದಲಿ ಕೋಷ್ಟಕವನ್ನು ಸ್ವೀಕರಿಸಬೇಕಾದರೆ ಅದರ ಹೆಸರು, ತಯಾರಕರ ಗುರುತು ಮತ್ತು ಕೋಷ್ಟಕದ ಗುರುತು ಮೂಲದ್ದರಂತೆಯೇ ಇದ್ದು, ತಯಾರಕರ ಆವೃತ್ತಿ ಸಂಖ್ಯೆ ಮಾತ್ರ ಮೂಲಕ್ಕಿಂತ ಹೆಚ್ಚಿರಬೇಕು. ಸಂಖ್ಯೆ ಸಮನಾಗಿದ್ದರೆ ಮೂಲವೇ ಉಳಿಯುತ್ತದೆ.

ಸೆಕ್ಯೂರ್ ಬೂಟ್: ಎಸಿಪಿಐ ಬೈಟ್‌ಕೋಡ್ ಕರ್ನೆಲ್ ಮಟ್ಟದಲ್ಲಿ ನಡೆಯುವುದರಿಂದ, ದುರುದ್ದೇಶದ ಕೋಷ್ಟಕ ಇಡೀ ಭದ್ರತೆಯನ್ನು ಮುರಿಯಬಲ್ಲದು. ಗ್ರಬ್‌ನ ಎಸಿಪಿಐ ಆದೇಶವನ್ನು ಹೀಗೆ ದುರ್ಬಳಕೆ ಮಾಡಬಹುದೆಂಬ ದೋಷ ಸಿವಿಇ-2020-14372 ಎಂಬ ಸಂಖ್ಯೆಯಡಿ ದಾಖಲಾಗಿದೆ. ಅದರ ಪರಿಹಾರವಾಗಿ, ಸೆಕ್ಯೂರ್ ಬೂಟ್ ಜಾರಿಯಲ್ಲಿರುವಾಗ ಆ ಆದೇಶವನ್ನು ತಡೆಹಿಡಿಯಲಾಯಿತು. ಲಾಕ್‌ಡೌನ್ ಸ್ಥಿತಿಯಲ್ಲಿರುವ ಲಿನಕ್ಸ್ ಕರ್ನೆಲ್ ಸಹ ಬದಲಿ ಕೋಷ್ಟಕಗಳನ್ನು ನಿರಾಕರಿಸುತ್ತದೆ. ಇಲ್ಲಿ ನಡೆಯುತ್ತಿರುವುದು ದೋಷವಲ್ಲ, ರಕ್ಷಣೆ.

ಹೆಸರುಗಳ ಘರ್ಷಣೆ: ಸೇರಿಸಿದ ಎಸ್‌ಎಸ್‌ಡಿಟಿಯಲ್ಲಿರುವ ಒಂದು ಹೆಸರು ಮೂಲ ಕೋಷ್ಟಕದಲ್ಲಿ ಈಗಾಗಲೇ ಇದ್ದರೆ, ಬೂಟ್‌ಲೋಡರ್ ತನ್ನ ಕೆಲಸ ಮಾಡಿದ್ದರೂ ಕಾರ್ಯಾಚರಣಾ ವ್ಯವಸ್ಥೆ ಆ ಭಾಗವನ್ನು ತಿರಸ್ಕರಿಸುತ್ತದೆ.

ಜೋಡಿಸಿದ ಗಣಕಗಳಲ್ಲಿ ಸಮಸ್ಯೆ

ಸಿದ್ಧ ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಮಾದರಿಯ ಯಂತ್ರಗಳು ಬಹುಮಟ್ಟಿಗೆ ಒಂದೇ ರೀತಿ ಇರುತ್ತವೆ. ಜೋಡಿಸಿದ ಗಣಕ ಹಾಗಲ್ಲ. ಪೀಣ್ಯ ಕೈಗಾರಿಕಾ ಪ್ರದೇಶದ ಪಕ್ಕದ ಲಗ್ಗೆರೆಯ ಒಬ್ಬ ವಿದ್ಯಾರ್ಥಿ ಬೆಂಗಳೂರಿನ ಎಸ್.ಪಿ. ರಸ್ತೆಯ (ಸಾದರ ಪತ್ರಪ್ಪ ರಸ್ತೆ) ಅಂಗಡಿಗಳಲ್ಲಿ ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್‌ಗಳನ್ನು ಬೇರೆಬೇರೆಯಾಗಿ ಕೊಂಡು ಜೋಡಿಸಿದನೆಂದು ಭಾವಿಸೋಣ. ಅದೇ ಹೆಸರಿನ ಮದರ್‌ಬೋರ್ಡ್ ಇರುವ ಗೆಳೆಯನ ಡಿಎಸ್‌ಡಿಟಿಯನ್ನು ಅವನು ನಕಲು ಮಾಡಿಕೊಂಡರೂ, ಬೋರ್ಡಿನ ಪರಿಷ್ಕರಣೆ, ಫರ್ಮ್‌ವೇರ್ ಆವೃತ್ತಿ, ಬಯಾಸ್ ಆಯ್ಕೆಗಳು ಅಥವಾ ರ‍್ಯಾಮ್‌ನ ಪ್ರಮಾಣ ಬೇರೆಯಾಗಿರಬಹುದು. ಕೋಷ್ಟಕದಲ್ಲಿ ಬರೆದಿರುವ ಕೆಲವು ಮೆಮೊರಿ ವಿಳಾಸಗಳು ಇವುಗಳನ್ನು ಅವಲಂಬಿಸಿರುತ್ತವೆ. ಅಂಥ ಕೋಷ್ಟಕ ಅನ್ವಯವಾಗದೆ ಹೋದರೆ ಅದೃಷ್ಟ. ಅನ್ವಯವಾದರೆ ಗಣಕ ತಪ್ಪು ವಿಳಾಸದಲ್ಲಿ ಬರೆಯತೊಡಗಿ ಹಠಾತ್ತನೆ ಸ್ಥಗಿತಗೊಳ್ಳಬಹುದು, ಉಳಿಸದ ಕೆಲಸ ನಷ್ಟವಾಗಬಹುದು. ಇಡೀ ಡಿಎಸ್‌ಡಿಟಿಯನ್ನು ಬದಲಿಸುವುದಕ್ಕಿಂತ ಚಿಕ್ಕ ಎಸ್‌ಎಸ್‌ಡಿಟಿ ಸೇರಿಸುವುದು ಮೇಲು ಎನ್ನುವುದು ಇದೇ ಕಾರಣಕ್ಕೆ.

ಪತ್ತೆಹಚ್ಚುವ ಕ್ರಮ

1. ಯಾವ ಪಾರ್ಟಿಷನ್‌ನಿಂದ ಬೂಟ್ ಆಗುತ್ತಿದೆ ಎಂದು ಖಚಿತಪಡಿಸಿಕೊಳ್ಳಬೇಕು. ಲಿನಕ್ಸ್‌ನಲ್ಲಿ ಇಎಫ್‌ಐಬೂಟ್‌ಎಂಜಿಆರ್ ಆದೇಶ ಇದನ್ನು ತಿಳಿಸುತ್ತದೆ. ಪೆನ್‌ಡ್ರೈವ್ ತೆಗೆದು ಬೂಟ್ ಮಾಡಿ ನೋಡುವುದು ಇನ್ನೂ ಸರಳ.
2. ಮೂಲ ಕೋಷ್ಟಕಗಳನ್ನು ಪ್ಯಾಚ್ ಇಲ್ಲದ ಸ್ಥಿತಿಯಲ್ಲಿ ಪಡೆಯಬೇಕು. ಕ್ಲೋವರ್‌ನ ಆಯ್ಕೆಪಟ್ಟಿಯಲ್ಲಿ ಎಫ್4 ಕೀಲಿ ಒತ್ತಿದರೆ ಅವು ಉಳಿಯುತ್ತವೆ. ಈಗಾಗಲೇ ತಿದ್ದಿದ ಪ್ರತಿಯನ್ನೇ ಮೂಲವೆಂದು ತಿಳಿದು ಅದರ ಆಧಾರದಲ್ಲಿ ಪ್ಯಾಚ್ ಬರೆದರೆ, ಆ ಬೈಟ್ ಸರಣಿ ನಿಜವಾದ ಮೂಲದಲ್ಲಿ ಸಿಗುವುದಿಲ್ಲ.
3. ಏನನ್ನೂ ತಿದ್ದದೆ, ತಯಾರಕರ ಆವೃತ್ತಿ ಸಂಖ್ಯೆಯನ್ನು ಮಾತ್ರ ಹೆಚ್ಚಿಸಿದ ಒಂದು ಪ್ರತಿಯನ್ನು ಕಂಪೈಲ್ ಮಾಡಿ ಇರಿಸಬೇಕು. ಮೂಲ ಕೋಷ್ಟಕವನ್ನು ಬಿಡಿಸಿ ಮತ್ತೆ ಕಂಪೈಲ್ ಮಾಡುವಾಗಲೇ ದೋಷಗಳು ಕಾಣಿಸಿಕೊಳ್ಳಬಹುದು; ಅವನ್ನು ಮೊದಲು ಸರಿಪಡಿಸಬೇಕು.
4. ಬೂಟ್ ಆದ ಬಳಿಕ ಕಾರ್ಯಾಚರಣಾ ವ್ಯವಸ್ಥೆಯಿಂದ ಕೋಷ್ಟಕವನ್ನು ಓದಿ ಆ ಸಂಖ್ಯೆಯನ್ನು ನೋಡಬೇಕು. ಹೊಸ ಸಂಖ್ಯೆ ಕಂಡರೆ ಮಾರ್ಗ ಸರಿಯಿದೆ, ದೋಷ ಪ್ಯಾಚಿನ ಒಳಗಿದೆ. ಹಳೆಯದೇ ಕಂಡರೆ ಕಡತ ತಲುಪಿಲ್ಲ ಅಥವಾ ತಿರಸ್ಕೃತವಾಗಿದೆ.
5. ತಿರಸ್ಕಾರದ ಕಾರಣಕ್ಕೆ ದಾಖಲೆಗಳನ್ನು ಓದಬೇಕು. ಲಿನಕ್ಸ್‌ನಲ್ಲಿ ಡಿಮೆಸೇಜ್, ಕ್ಲೋವರ್‌ನಲ್ಲಿ ಎಫ್2 ಕೀಲಿಯಿಂದ ಉಳಿಯುವ ದಾಖಲೆ, ಓಪನ್‌ಕೋರ್‌ನಲ್ಲಿ ಡೀಬಗ್ ಆವೃತ್ತಿಯ ದಾಖಲೆ ಇದಕ್ಕೆ ನೆರವಾಗುತ್ತವೆ. ಓಪನ್‌ಕೋರ್‌ನ ಸಂರಚನೆಯನ್ನು ಒಸಿವ್ಯಾಲಿಡೇಟ್ ಎಂಬ ಉಪಕರಣದಿಂದ ಪರಿಶೀಲಿಸಬಹುದು.
6. ಇದಾದ ನಂತರವೇ ನಿಜವಾದ ಪ್ಯಾಚ್‌ಗಳನ್ನು ಒಂದೊಂದಾಗಿ ಸೇರಿಸಿ, ಪ್ರತಿಯೊಂದರ ಬಳಿಕವೂ ಪರೀಕ್ಷಿಸಬೇಕು.

ಮುನ್ನೆಚ್ಚರಿಕೆಗಳು

ಫರ್ಮ್‌ವೇರನ್ನೇ ಚಿಪ್‌ಗೆ ಬರೆಯುವಾಗ ವಿದ್ಯುತ್ ಕಡಿತವಾದರೆ ಮದರ್‌ಬೋರ್ಡ್ ನಿಷ್ಕ್ರಿಯವಾಗುವ ಅಪಾಯವಿದೆ. ಬೂಟ್‌ಲೋಡರ್ ಮೂಲಕ ಮಾಡುವ ತಿದ್ದುಪಡಿಯಲ್ಲಿ ಆ ಅಪಾಯವಿಲ್ಲ; ಕಡತ ಅಳಿಸಿದರೆ ಗಣಕ ಮೊದಲಿನ ಸ್ಥಿತಿಗೆ ಮರಳುತ್ತದೆ. ಆದರೆ ಕಡತ ಅಳಿಸಲು ಗಣಕ ಮೊದಲು ಬೂಟ್ ಆಗಬೇಕು. ಆದ್ದರಿಂದ ಸರಿಯಾಗಿ ನಡೆಯುತ್ತಿರುವ ಬೂಟ್‌ಲೋಡರ್‌ನ ಪ್ರತಿಯೊಂದನ್ನು ಪೆನ್‌ಡ್ರೈವ್‌ನಲ್ಲಿ ಬೇರೆಯಾಗಿ ಇಟ್ಟುಕೊಳ್ಳುವುದು ಅಗತ್ಯ.

ಓಪನ್‌ಕೋರ್ ಮಾಡುವ ಎಸಿಪಿಐ ಬದಲಾವಣೆಗಳು ಅದರ ಮೂಲಕ ಆರಂಭಿಸಿದ ಎಲ್ಲ ಕಾರ್ಯಾಚರಣಾ ವ್ಯವಸ್ಥೆಗಳಿಗೂ ಅನ್ವಯಿಸುತ್ತವೆ. ಒಂದೇ ವ್ಯವಸ್ಥೆಗೆ ಬೇಕಾದ ಪ್ಯಾಚಿನೊಳಗೆ ಆ ವ್ಯವಸ್ಥೆಯನ್ನು ಗುರುತಿಸುವ ಷರತ್ತನ್ನು ಸೇರಿಸದಿದ್ದರೆ ಅದೇ ಗಣಕದ ವಿಂಡೋಸ್ ಕೆಡಬಹುದು. ಪ್ಯಾಚ್ ನಡೆಯಲೆಂದು ಸೆಕ್ಯೂರ್ ಬೂಟನ್ನು ನಿಲ್ಲಿಸುವವರು, ಇತರರ ಕಡತಗಳಿಗೂ ಅದೇ ಬಾಗಿಲು ತೆರೆದಂತಾಗುತ್ತದೆ ಎಂಬುದನ್ನು ಗಮನದಲ್ಲಿಡಬೇಕು. ಫರ್ಮ್‌ವೇರ್ ನವೀಕರಿಸಿದಾಗ, ರ‍್ಯಾಮ್ ಬದಲಿಸಿದಾಗ ಹಳೆಯ ಪ್ಯಾಚ್‌ಗಳನ್ನು ತೆಗೆದು, ಹೊಸ ಮೂಲ ಕೋಷ್ಟಕಗಳ ಜೊತೆ ಹೋಲಿಸಿದ ಬಳಿಕವೇ ಮರಳಿ ಸೇರಿಸುವುದು ಸುರಕ್ಷಿತ ಕ್ರಮ.

ಇವನ್ನೂ ನೋಡಿ

* ಬಯಾಸ್
* ಯುಇಎಫ್‌ಐ
* ಲಿನಕ್ಸ್ ಕರ್ನೆಲ್
* ಮದರ್‌ಬೋರ್ಡ್